ಕಿಟಕಿಯಾಚೆಯ ಅತಿಥಿಗಳು

ಅತಿಥಿಗಳನ್ನು ಊಟಕ್ಕೆ ಕರೆಯುವುದು ಸುಲಭ. ಕರೆದ ಮೇಲೆ ಅವರನ್ನು ಚೆನ್ನಾಗಿ ನೋಡಿಕೊಂಡು ಕ್ಷೇಮವಾಗಿ ಕಳುಹಿಸಿ ಕೊಡುವುದೇ ಕಷ್ಟ. ತಟ್ಟೆ ತೊಳೆದಿರಬೇಕು, ಅನ್ನ ಹಳಸಿರಬಾರದು, ಬಂದವರು ಜಾರಿ ಬೀಳದಂತೆ ಅಂಗಳ ಗುಡಿಸಿರಬೇಕು. ಇದನ್ನು ಯಾವ ಗೃಹಿಣಿಗೂ ಹೇಳಿ ಕೊಡಬೇಕಾಗಿಲ್ಲ. ಆದರೆ ಅತಿಥಿ ಒಂದು ಪುಟ್ಟ ಹಕ್ಕಿಯಾಗಿದ್ದರೆ? ಆಗಲೂ ಈ ನಿಯಮಗಳೆಲ್ಲ ಇವೆ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ. ನಾಲ್ಕು ಕಾಳು ಚೆಲ್ಲಿದರೆ ಪುಣ್ಯದ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ.

ಅಮೆರಿಕ ಮತ್ತು ಕೆನಡಾದ ಜನರು ಚಳಿಗಾಲದಲ್ಲಿ ಹಕ್ಕಿಗಳಿಗೆ ಉಣಿಸುವ ಪರಿಯನ್ನು ನೋಡಿದರೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಇದೊಂದು ದೊಡ್ಡ ಹವ್ಯಾಸ. ಅಮೆರಿಕದ ಸರಕಾರ 2016ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಮನೆಯ ಸುತ್ತಮುತ್ತ ಕಾಡುಹಕ್ಕಿಗಳಿಗೆ ಆಹಾರ ಹಾಕುವವರ ಸಂಖ್ಯೆ ಐದು ಕೋಟಿಗೂ ಹೆಚ್ಚು. ಹಿತ್ತಿಲಿನ ಮರದ ಕೊಂಬೆಗೋ, ಕಂಬಕ್ಕೋ, ಅಥವಾ ಅಡುಗೆ ಮನೆಯ ಕಿಟಕಿಯ ಗಾಜಿಗೇ ಅಂಟಿಕೊಳ್ಳುವಂತೆಯೋ ಒಂದು ಕಾಳಿನ ಡಬ್ಬಿಯನ್ನು ತೂಗು ಹಾಕುತ್ತಾರೆ. ಅದಕ್ಕೆ ಫೀಡರ್ ಎನ್ನುತ್ತಾರೆ. ಹೊರಗೆ ಹಿಮ ಮೊಣಕಾಲುದ್ದ ಬಿದ್ದಿರುತ್ತದೆ. ಒಳಗೆ ಬಿಸಿ ಚಹಾದ ಲೋಟ ಹಿಡಿದು ಮನೆಮಂದಿ ಕಿಟಕಿಯ ಬಳಿ ಕೂತಿರುತ್ತಾರೆ.

ಮಗಳ ಬಾಣಂತನಕ್ಕೆಂದು ಆ ದೇಶಗಳಿಗೆ ಹೋಗಿ ಬಂದ ನಮ್ಮ ಕಡೆಯ ತಾಯಂದಿರಿಗೂ ಇದು ಗೊತ್ತಿರುವ ದೃಶ್ಯವೇ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹೊರಗೆ ಕಾಲಿಡುವಂತಿಲ್ಲ. ನೆರೆಮನೆಯವರು ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಮಗು ಮಲಗಿದ ಹೊತ್ತಿಗೆ ಜೊತೆಗಾರರೆಂದರೆ ಕಿಟಕಿಯಾಚೆ ಬಂದು ಹೋಗುವ ಹಕ್ಕಿಗಳು ಮಾತ್ರ. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು "ಅಜ್ಜೀ, ಇವತ್ತು ಕೆಂಪು ಹಕ್ಕಿ ಬಂದಿತ್ತಾ?" ಎಂದು ಕೇಳಿದರೆ ಉತ್ತರ ಕೊಡಲು ಅಜ್ಜಿಯ ಬಳಿ ಒಂದು ಸುದ್ದಿಯಾದರೂ ಇರುತ್ತದೆ.

ಒಂದೂವರೆ ಪವನಿನ ಜೀವ

ಆ ಕಿಟಕಿಗೆ ಬರುವ ಅತಿಥಿಗಳಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನದು ಚಿಕಡೀ ಎಂಬ ಹಕ್ಕಿ. ಕಪ್ಪು ಟೋಪಿ, ಕಪ್ಪು ಗಂಟಲು, ಬಿಳಿ ಕೆನ್ನೆ. "ಚಿಕ್-ಎ-ಡೀ-ಡೀ" ಎಂದು ಕೂಗುವುದರಿಂದಲೇ ಅದಕ್ಕೆ ಆ ಹೆಸರು. ಅದರ ತೂಕ ಹೆಚ್ಚೆಂದರೆ 10ರಿಂದ 12 ಗ್ರಾಂ. ಅಂದರೆ ಒಂದೂವರೆ ಪವನು ಚಿನ್ನದಷ್ಟು. ಇಷ್ಟು ಪುಟ್ಟ ಜೀವ ಚಳಿಗಾಲದಲ್ಲಿ ಬೆಚ್ಚಗಿನ ದೇಶಕ್ಕೆ ವಲಸೆ ಹೋಗುವುದಿಲ್ಲ. ಶೂನ್ಯಕ್ಕಿಂತ 20, 30 ಡಿಗ್ರಿ ಕೆಳಗಿನ ಚಳಿಯಲ್ಲೂ ಅಲ್ಲೇ ಇರುತ್ತದೆ.

ಅದು ಬದುಕಿ ಉಳಿಯುವ ಲೆಕ್ಕಾಚಾರವನ್ನು ಸ್ವಲ್ಪ ನೋಡಿ. ಡಿಸೆಂಬರ್ ಕೊನೆಯಲ್ಲಿ ಟೊರೊಂಟೊದಂತಹ ಊರಿನಲ್ಲಿ ಹಗಲು ಸುಮಾರು ಒಂಬತ್ತು ಗಂಟೆ ಮಾತ್ರ, ರಾತ್ರಿ ಹದಿನೈದು ಗಂಟೆ. ಈ ಒಂಬತ್ತು ಗಂಟೆಯಲ್ಲಿ ತಿಂದದ್ದರಿಂದ ಹದಿನೈದು ಗಂಟೆಯ ಚಳಿಯನ್ನು ದಾಟಬೇಕು. ಹಗಲಿಡೀ ತಿಂದು ಅದು ತನ್ನ ಮೈತೂಕದ ಸುಮಾರು ಹತ್ತರಲ್ಲಿ ಒಂದು ಭಾಗದಷ್ಟು ಕೊಬ್ಬನ್ನು ಕೂಡಿಸುತ್ತದೆ. ಬೆಳಗಾಗುವಾಗ ಅದೆಲ್ಲ ಕರಗಿರುತ್ತದೆ. ಅರುವತ್ತು ಕಿಲೋ ತೂಕದ ಹೆಂಗಸು ದಿನಾ ಸಂಜೆಯೊಳಗೆ ಆರು ಕಿಲೋ ದಪ್ಪವಾಗಿ, ಮರುದಿನ ಬೆಳಿಗ್ಗೆ ಆ ಆರು ಕಿಲೋವನ್ನೂ ಕಳೆದುಕೊಂಡಂತೆ!

ಅಷ್ಟರಿಂದಲೂ ಸಾಲದು. ರಾತ್ರಿ ಮರದ ಪೊಟರೆಯಲ್ಲಿ ಕೂತು, ಪುಕ್ಕಗಳನ್ನು ಉಬ್ಬಿಸಿಕೊಂಡು, ಅದು ತನ್ನ ಮೈಬಿಸಿಯನ್ನೇ ಹತ್ತು ಹನ್ನೆರಡು ಡಿಗ್ರಿಯಷ್ಟು ಇಳಿಸಿಬಿಡುತ್ತದೆ. ಒಲೆಯ ಬೆಂಕಿಯನ್ನು ಸಣ್ಣಗೆ ಮಾಡಿ ಸೌದೆ ಉಳಿಸುವ ಹಾಗೆ. ಮನುಷ್ಯನ ಮೈಬಿಸಿ ಎರಡು ಡಿಗ್ರಿ ಇಳಿದರೆ ಸಾಕು, ಆಸ್ಪತ್ರೆಗೆ ಓಡಬೇಕಾಗುತ್ತದೆ.

ಇನ್ನೊಂದು ವಿಶೇಷವಿದೆ. ಚಿಕಡೀ ಡಬ್ಬಿಯ ಬಳಿ ಕೂತು ಹೊಟ್ಟೆ ತುಂಬಾ ತಿನ್ನುವುದಿಲ್ಲ. ಒಂದು ಕಾಳು ಕಚ್ಚಿ ಹಾರಿ ಹೋಗುತ್ತದೆ. ಕೆಲವನ್ನು ಆಗಲೇ ಒಡೆದು ತಿನ್ನುತ್ತದೆ. ಉಳಿದದ್ದನ್ನು ತೊಗಟೆಯ ಸಂದಿಯಲ್ಲಿ, ಒಣಗಿದ ಎಲೆಯ ಮಡಿಕೆಯಲ್ಲಿ ಬಚ್ಚಿಡುತ್ತದೆ. ಒಂದೊಂದು ಕಾಳಿಗೂ ಒಂದೊಂದು ಜಾಗ. ವಾರಗಳ ನಂತರವೂ ಅದಕ್ಕೆ ಆ ಜಾಗಗಳು ನೆನಪಿರುತ್ತವೆ. ಮಿದುಳಿನಲ್ಲಿ ಜಾಗದ ನೆನಪಿಗೆ ಸಂಬಂಧಪಟ್ಟ ಭಾಗವು ಕಾಳು ಬಚ್ಚಿಡುವ ಕಾಲದಲ್ಲಿ ದೊಡ್ಡದಾಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬೀಗದ ಕೈ ಎಲ್ಲಿಟ್ಟೆವೆಂದು ಬೆಳಿಗ್ಗೆ ಮನೆಯಿಡೀ ಹುಡುಕುವ ನಾವು ಇದನ್ನು ಕೇಳಿ ನಾಚಬೇಕು.

ಅದರ ಕೂಗಿನಲ್ಲೂ ಅರ್ಥವಿದೆ. ಹತ್ತಿರದಲ್ಲಿ ಬೇಟೆಗಾರ ಹಕ್ಕಿ ಕೂತಿದ್ದರೆ ಚಿಕಡೀಯು ತನ್ನ ಕೂಗಿನ ಕೊನೆಗೆ "ಡೀ" ಎಂಬ ಸದ್ದನ್ನು ಹೆಚ್ಚು ಸಲ ಸೇರಿಸುತ್ತದೆ. ಅಪಾಯ ದೊಡ್ಡದಾದಷ್ಟೂ "ಡೀ"ಗಳು ಹೆಚ್ಚು. ದೊಡ್ಡ ಗೂಬೆಗಿಂತ ಚಿಕ್ಕ ಗೂಬೆಯನ್ನು ಕಂಡಾಗ ಹೆಚ್ಚು ಕೂಗುತ್ತದೆ. ಯಾಕೆಂದರೆ ಚುರುಕಾಗಿ ತಿರುಗಿ ಇಂತಹ ಸಣ್ಣ ಹಕ್ಕಿಯನ್ನು ಹಿಡಿಯಬಲ್ಲದ್ದು ಚಿಕ್ಕ ಗೂಬೆಯೇ. 2005ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಇದು ತಿಳಿದು ಬಂತು.

ನಮ್ಮ ಹುಚ್ಚೆಳ್ಳು ಅವರ ಕಿಟಕಿಯಲ್ಲಿ

ಚಿಕಡೀ ಮಾತ್ರವಲ್ಲ, ಬೇರೆ ಅತಿಥಿಗಳೂ ಇದ್ದಾರೆ. ಹಿಮದ ಬಿಳುಪಿನ ಮೇಲೆ ಕೆಂಡದಂತೆ ಕಾಣುವ ಗಂಡು ಕಾರ್ಡಿನಲ್. ಮರದ ಕಾಂಡದಲ್ಲಿ ತಲೆಕೆಳಗಾಗಿ ಇಳಿದು ಬರುವ ನಟ್‌ಹ್ಯಾಚ್. ಉಳಿದವರು ಚೆಲ್ಲಿದ್ದನ್ನು ನೆಲದಿಂದ ಹೆಕ್ಕುವ ಬೂದು ಬಣ್ಣದ ಜುಂಕೋ. ಅಕ್ಕಪಕ್ಕದವರನ್ನೆಲ್ಲ ಹೆದರಿಸಿ ಜಾಗ ಹಿಡಿಯುವ ನೀಲಿ ಜೇ. ಕೊಬ್ಬಿನ ಉಂಡೆಗೆ ಬರುವ ಪುಟ್ಟ ಮರಕುಟಿಗ. ಬೇಸಗೆಯಲ್ಲಿ ಅರಸಿನದ ಬಣ್ಣದಲ್ಲಿ ಹೊಳೆದು, ಚಳಿಗಾಲದಲ್ಲಿ ಮಂಕಾಗುವ ಗೋಲ್ಡ್‌ಫಿಂಚ್.

ಇವರಿಗೆ ಬಡಿಸುವ ಅಡುಗೆಯೂ ಬೇರೆ ಬೇರೆ. ತೆಳು ಸಿಪ್ಪೆಯ ಕಪ್ಪು ಸೂರ್ಯಕಾಂತಿ ಬೀಜ ಹೆಚ್ಚಿನವರಿಗೆ ಇಷ್ಟ. ಮರಕುಟಿಗ, ಚಿಕಡೀಗಳಿಗೆ ದನದ ಕೊಬ್ಬಿನ ಉಂಡೆ. ಗೋಲ್ಡ್‌ಫಿಂಚ್ ಹಕ್ಕಿಗೆ ಪ್ರಿಯವಾದದ್ದು ಅಲ್ಲಿನವರು ನೈಜರ್ ಎಂದು ಕರೆಯುವ ಸಣ್ಣ ಕಪ್ಪು ಕಾಳು. ಅದು ಬೇರೇನೂ ಅಲ್ಲ, ನಮ್ಮ ಹುಚ್ಚೆಳ್ಳು! ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ನೆಂಚಿಕೊಳ್ಳುವ ಗುರೆಳ್ಳು ಚಟ್ನಿಪುಡಿಯ ಅದೇ ಗುರೆಳ್ಳು. ಈ ಕಾಳು ಅಮೆರಿಕಕ್ಕೆ ಹೋಗುವುದು ಇಥಿಯೋಪಿಯ, ಭಾರತ, ಮ್ಯಾನ್ಮಾರ್ ದೇಶಗಳಿಂದ. ಅಲ್ಲಿನ ಹೊಲಗಳಲ್ಲಿ ಕಳೆ ಹುಟ್ಟಬಾರದೆಂದು, ಮೊಳಕೆಯೊಡೆಯದ ಹಾಗೆ ಬಿಸಿ ಮಾಡಿಯೇ ಮಾರಾಟಕ್ಕೆ ಬಿಡುತ್ತಾರೆ. ನಮ್ಮ ರೈತ ಬೆಳೆದ ಒಂದು ಹಿಡಿ ಕಾಳು ಅಷ್ಟು ದೂರದ ಹಿಮದಲ್ಲಿ ಯಾವುದೋ ಹಕ್ಕಿಯ ರಾತ್ರಿಯ ಊಟವಾಗಬಹುದು.

ಉಣಿಸಿದರೆ ಸೋಮಾರಿಯಾಗುತ್ತವೆಯೇ?

"ದಿನಾ ತಟ್ಟೆ ತುಂಬಿಸಿಟ್ಟರೆ ಹಕ್ಕಿಗಳು ತಮ್ಮ ದುಡಿಮೆ ಮರೆತುಬಿಡುವುದಿಲ್ಲವೇ?" ಎಂದು ಯಾರಾದರೂ ಕೇಳಬಹುದು. ಬಡವರಿಗೆ ಸಹಾಯ ಮಾಡುವ ವಿಷಯ ಬಂದಾಗಲೂ ಕೆಲವರು ಇದೇ ಮಾತನ್ನು ಆಡುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಬ್ಬರು ಸಂಶೋಧಕರು ಚಿಕಡೀಗಳ ಕಾಲಿಗೆ ಬಳೆ ತೊಡಿಸಿ ಇದನ್ನು ಪರೀಕ್ಷಿಸಿದರು. 1988ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಫೀಡರ್ ಇದ್ದ ಕಡೆ ಚಳಿಗಾಲ ದಾಟಿ ಬದುಕಿದ ಹಕ್ಕಿಗಳು ನೂರಕ್ಕೆ 69. ಫೀಡರ್ ಇಲ್ಲದ ಕಾಡಿನಲ್ಲಿ ನೂರಕ್ಕೆ 37. ಈ ಅಂತರ ಎದ್ದು ಕಂಡದ್ದು ವಿಪರೀತ ಚಳಿಯ ದಿನಗಳಲ್ಲಿ. ಹದವಾದ ಚಳಿಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಅನೇಕ ವರ್ಷ ಫೀಡರ್ ಇದ್ದ ಜಾಗದಿಂದ ಅದನ್ನು ತೆಗೆದು ನೋಡಿದರು. ಹಕ್ಕಿಗಳು ಹಸಿವಿನಿಂದ ಸತ್ತವೇ? ಇಲ್ಲ. ಎಂದೂ ಫೀಡರ್ ಕಾಣದ ಹಕ್ಕಿಗಳಷ್ಟೇ ಸಲೀಸಾಗಿ ಅವೂ ಬದುಕಿದವು. ಚಿಕಡೀ ತನ್ನ ದಿನದ ಆಹಾರದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಫೀಡರ್‌ನಿಂದ ಪಡೆಯುತ್ತದೆ, ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದೂ ಕಂಡುಬಂತು. ಅಂದರೆ ಸಕಾಲದಲ್ಲಿ ಕೊಟ್ಟ ಸಹಾಯ ಚಿಕಡೀಯನ್ನು ಸೋಮಾರಿಯಾಗಿಸಲಿಲ್ಲ, ಕಷ್ಟದ ರಾತ್ರಿಯನ್ನು ದಾಟಿಸಿತು.

ಎಣಿಸುವ ಮನೆಗಳು

ಇಷ್ಟೆಲ್ಲ ಓದಿದ ಮೇಲೆ ಕಾಳಿನ ಡಬ್ಬಿ ಎಂದರೆ ಬರೀ ಒಳ್ಳೆಯದೇ ಎಂದು ಅನಿಸುತ್ತದೆ. ಹಾಗಲ್ಲ ಎಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟವರೂ ಕಿಟಕಿಯ ಬಳಿ ಕೂತ ಜನರೇ. ಅವರ ಕಥೆಯನ್ನು ಮೊದಲು ಹೇಳಬೇಕು.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 1976ರಲ್ಲಿ ಒಂದು ಸಣ್ಣ ಕೆಲಸ ಶುರುವಾಯಿತು. ತಮ್ಮ ಮನೆಯ ಫೀಡರ್‌ಗೆ ಬರುವ ಹಕ್ಕಿಗಳನ್ನು ಚಳಿಗಾಲವಿಡೀ ಎಣಿಸಿ ಬರೆದು ಕಳುಹಿಸುವಂತೆ ಜನರನ್ನು ಕೇಳಿಕೊಳ್ಳಲಾಯಿತು. 1987ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಶೋಧನಾ ಕೇಂದ್ರ ಜೊತೆಗೂಡಿ, ಅದು ಇಡೀ ಉತ್ತರ ಅಮೆರಿಕಕ್ಕೆ ಹರಡಿತು. ಅದರ ಹೆಸರು ಪ್ರಾಜೆಕ್ಟ್ ಫೀಡರ್‌ವಾಚ್. ನವೆಂಬರ್‌ನಿಂದ ಎಪ್ರಿಲ್‌ವರೆಗೆ ನಡೆಯುವ ಈ ಎಣಿಕೆಯಲ್ಲಿ ಸಾವಿರಾರು ಮನೆಗಳು ಭಾಗವಹಿಸುತ್ತವೆ. ಇವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ಹಕ್ಕಿಗಳನ್ನು ಕಂಡರೆ ಇಷ್ಟಪಡುವ ಸಾಮಾನ್ಯ ಜನರು.

ಎಣಿಸುವ ಕ್ರಮ ಬಹಳ ಸರಳ. ದಿನದಲ್ಲಿ ಒಂದು ಜಾತಿಯ ಹಕ್ಕಿ ಎಷ್ಟು ಸಲ ಬಂತೆಂದು ಕೂಡಿಸುತ್ತಾ ಹೋಗಬಾರದು. ಹಾಗೆ ಮಾಡಿದರೆ ಒಂದೇ ಹಕ್ಕಿಯನ್ನು ಹತ್ತು ಸಲ ಎಣಿಸಿದಂತಾಗುತ್ತದೆ. ಒಮ್ಮೆಲೇ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕು. ಬೆಳಿಗ್ಗೆ ಮೂರು ಕಾರ್ಡಿನಲ್, ಮಧ್ಯಾಹ್ನ ಐದು, ಸಂಜೆ ಎರಡು ಕಂಡರೆ ಆ ದಿನದ ಲೆಕ್ಕ ಐದು. ಹತ್ತಲ್ಲ. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ? ಏನೂ ಬಾರದ ದಿನ ಸೊನ್ನೆ ಎಂದೇ ಬರೆಯಬೇಕು. ಆ ಸೊನ್ನೆಗೂ ಬೆಲೆಯಿದೆ.

ಊಟವೇ ಮುಳುವಾದಾಗ

1994ರ ಆರಂಭದಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತ ಹೀಗೆ ಹಕ್ಕಿ ನೋಡುತ್ತಿದ್ದ ಕೆಲವರಿಗೆ ವಿಚಿತ್ರವೊಂದು ಕಾಣಿಸಿತು. ಹೌಸ್ ಫಿಂಚ್ ಎಂಬ ಗುಬ್ಬಿ ಗಾತ್ರದ ಹಕ್ಕಿಗಳ ಕಣ್ಣು ಊದಿಕೊಂಡು, ಕೀವು ತುಂಬಿ, ರೆಪ್ಪೆಗಳು ಅಂಟಿಕೊಂಡಿದ್ದವು. ಕಣ್ಣು ಕಾಣದ ಹಕ್ಕಿ ಡಬ್ಬಿಯ ಮೇಲೆ ಸುಮ್ಮನೆ ಕೂತೇ ಇರುತ್ತಿತ್ತು. ಬೆಕ್ಕು ಬಂದರೂ ಹಾರುತ್ತಿರಲಿಲ್ಲ.

ಪರೀಕ್ಷೆ ಮಾಡಿದಾಗ ಅದು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯದ ಒಂದು ಬಗೆ ಎಂದು ತಿಳಿಯಿತು. ಸಾಕಿದ ಕೋಳಿ ಮತ್ತು ಟರ್ಕಿ ಕೋಳಿಗಳಲ್ಲಿ ಉಸಿರಾಟದ ಕಾಯಿಲೆ ತರುವ ರೋಗಾಣು ಅದು. ಅಂತಹದ್ದು ಈಗ ಕಾಡುಹಕ್ಕಿಗೂ ತಗಲಿತ್ತು. ಈ ಹೌಸ್ ಫಿಂಚ್ ಪೂರ್ವ ಅಮೆರಿಕದ ಮೂಲನಿವಾಸಿಯೂ ಅಲ್ಲ. ಪಶ್ಚಿಮದಿಂದ ಹಿಡಿದು ತಂದು ನ್ಯೂಯಾರ್ಕಿನಲ್ಲಿ ಪಂಜರದ ಹಕ್ಕಿಯಾಗಿ ಮಾರುತ್ತಿದ್ದರು. ಅದು ಕಾನೂನುಬಾಹಿರವಾದ್ದರಿಂದ, ಸಿಕ್ಕಿ ಬೀಳುವ ಹೆದರಿಕೆಯಲ್ಲಿ 1940ರ ಸುಮಾರಿಗೆ ಲಾಂಗ್ ಐಲ್ಯಾಂಡಿನಲ್ಲಿ ಹಾರಿಬಿಟ್ಟರು. ಆ ಕೆಲವೇ ಹಕ್ಕಿಗಳ ಸಂತತಿ ಅರ್ಧ ಶತಮಾನದಲ್ಲಿ ಇಡೀ ಪೂರ್ವ ಭಾಗವನ್ನು ತುಂಬಿತ್ತು.

ಕಾರ್ನೆಲ್ ಕೇಂದ್ರದವರು ಎಣಿಸುವ ಮನೆಗಳವರ ಸಹಾಯ ಕೇಳಿದರು. ಕಣ್ಣು ಊದಿದ ಹಕ್ಕಿಗಳು ಎಷ್ಟು, ಆರೋಗ್ಯವಾಗಿರುವವು ಎಷ್ಟು ಎಂದು ಜನರು ಬರೆದು ಕಳುಹಿಸತೊಡಗಿದರು. ಯಾವ ಊರಿನಿಂದ ಯಾವ ಊರಿಗೆ ರೋಗ ಹಬ್ಬುತ್ತಿದೆ ಎಂಬುದರ ನಕಾಶೆಯೇ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಪೂರ್ವ ಅಮೆರಿಕದ ಹಲವೆಡೆ ಈ ಹಕ್ಕಿಯ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ರೋಗ ಹರಡುವುದರಲ್ಲಿ ಫೀಡರ್‌ನ ಪಾಲೂ ಇತ್ತು. ರೋಗ ತಗಲಿದ ಹಕ್ಕಿ ಕೊಕ್ಕು ತೂರಿಸಿದ ಅದೇ ತೂತಿಗೆ ಮುಂದಿನ ಹಕ್ಕಿಯೂ ಕೊಕ್ಕು ತೂರಿಸುತ್ತದೆ. ಫೀಡರ್‌ನಲ್ಲಿ ಹೆಚ್ಚು ಹೊತ್ತು ಕಳೆಯುವ ಹಕ್ಕಿಗಳಿಗೇ ರೋಗ ಹೆಚ್ಚಾಗಿ ತಗಲುತ್ತದೆ ಎಂದು ನಂತರದ ಸಂಶೋಧನೆಗಳು ತೋರಿಸಿದವು.

ಇಂಗ್ಲೆಂಡಿನಲ್ಲೂ ಇಂಥದ್ದೇ ಅನಾಹುತವಾಯಿತು. ಅಲ್ಲಿಯ ಮನೆಗಳ ಹಿತ್ತಿಲಲ್ಲಿ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿ ಬಹಳ ಸಾಮಾನ್ಯವಾಗಿತ್ತು. 2005ರಲ್ಲಿ ಕಾಣಿಸಿಕೊಂಡ ಗಂಟಲಿನ ರೋಗವೊಂದು 2006ರಲ್ಲಿ ಸಾಂಕ್ರಾಮಿಕವಾಯಿತು. ಪಾರಿವಾಳಗಳಲ್ಲಿ ಇರುವ ಒಂದು ಪರಾವಲಂಬಿ ಜೀವಿ ಅದಕ್ಕೆ ಕಾರಣ. ಹಕ್ಕಿಗೆ ಹಸಿವಿರುತ್ತದೆ, ಎದುರಿಗೆ ಕಾಳಿರುತ್ತದೆ, ಆದರೆ ಗಂಟಲು ಕಟ್ಟಿ ನುಂಗಲಾಗುವುದಿಲ್ಲ. ಬಾಯಿಂದ ಉದುರಿದ ಎಂಜಲು ಕಾಳನ್ನು ಇನ್ನೊಂದು ಹಕ್ಕಿ ಹೆಕ್ಕುತ್ತದೆ, ಅದಕ್ಕೂ ರೋಗ ಬರುತ್ತದೆ. ಬ್ರಿಟನ್ನಿನಲ್ಲಿ ಸುಮಾರು 43 ಲಕ್ಷವಿದ್ದ ಈ ಹಕ್ಕಿಗಳು 2009ರ ಹೊತ್ತಿಗೆ ಸುಮಾರು 28 ಲಕ್ಷಕ್ಕೆ ಇಳಿದವು. 2021ರಲ್ಲಿ ಗ್ರೀನ್‌ಫಿಂಚ್ ಅಲ್ಲಿನ ಅಪಾಯದಂಚಿನ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿತು. ಎಂಜಲು ಕಾಳು ಮತ್ತು ಹಿಕ್ಕೆ ಒಟ್ಟಾಗುವ ಚಪ್ಪಟೆ ತಟ್ಟೆಯ ಫೀಡರ್‌ಗಳ ಮಾರಾಟವನ್ನು ಆ ದೇಶದ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ 2025ರ ಆರಂಭದಲ್ಲಿ ನಿಲ್ಲಿಸಿತು.

ಕೆಲವು ರೋಗಗಳು ಮನುಷ್ಯರಿಗೂ ದಾಟುತ್ತವೆ. 2020-21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಎಂಬ ಹಕ್ಕಿಗಳು ಉತ್ತರದ ಕಾಡಿನಿಂದ ದೊಡ್ಡ ಸಂಖ್ಯೆಯಲ್ಲಿ ಇಳಿದು ಬಂದು ಅಮೆರಿಕದ ಫೀಡರ್‌ಗಳಲ್ಲಿ ಕಿಕ್ಕಿರಿದವು. ಅವುಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿತು. 2021ರಲ್ಲಿ 12 ರಾಜ್ಯಗಳ 29 ಮಂದಿಗೆ ತಗಲಿದ ಸಾಲ್ಮೊನೆಲ್ಲಾ ಕಾಯಿಲೆಗೆ ಈ ಕಾಡುಹಕ್ಕಿಗಳೊಂದಿಗೆ ಸಂಬಂಧವಿದೆಯೆಂದು ಅಲ್ಲಿನ ರೋಗ ನಿಯಂತ್ರಣ ಇಲಾಖೆ ತಿಳಿಸಿತು. ಫೀಡರ್ ಮುಟ್ಟಿದ ಕೈಯನ್ನು ತೊಳೆಯದೆ ಇರುವ ಒಂದು ಸಣ್ಣ ಉದಾಸೀನವೇ ಸಾಕು.

ಗಾಜೆಂಬ ಕಾಣದ ಗೋಡೆ

ರೋಗಕ್ಕಿಂತಲೂ ಸದ್ದಿಲ್ಲದೆ ಕೊಲ್ಲುವ ವಸ್ತು ಒಂದಿದೆ. ಅದು ನಾವು ಯಾವುದರ ಮೂಲಕ ಹಕ್ಕಿಯನ್ನು ನೋಡಿ ಸಂತೋಷಪಡುತ್ತೇವೆಯೋ ಆ ಕಿಟಕಿಯ ಗಾಜು. ಹಕ್ಕಿಗೆ ಗಾಜು ಕಾಣುವುದಿಲ್ಲ. ಅದರಲ್ಲಿ ಪ್ರತಿಬಿಂಬಿಸಿದ ಆಕಾಶ, ಮರ ಕಾಣುತ್ತದೆ. ದಾರಿಯಿದೆ ಎಂದು ನಂಬಿ ರಭಸದಿಂದ ಬಂದು ಬಡಿಯುತ್ತದೆ. 2014ರ ಒಂದು ಅಧ್ಯಯನದ ಅಂದಾಜಿನಂತೆ ಅಮೆರಿಕದಲ್ಲಿ ಪ್ರತಿ ವರ್ಷ 36 ಕೋಟಿಯಿಂದ 98 ಕೋಟಿಯಷ್ಟು ಹಕ್ಕಿಗಳು ಹೀಗೆ ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಗಗನಚುಂಬಿ ಕಟ್ಟಡಗಳೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಆದರೆ ಅವುಗಳ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಒಂದರಿಂದ ಮೂರು ಮಹಡಿಯ ವಾಸದ ಮನೆಗಳ ಪಾಲು ನೂರಕ್ಕೆ ಸುಮಾರು 44.

ಇದಕ್ಕೆ ಪರಿಹಾರವೂ ಇದೆ. ಕಾಳಿನ ಡಬ್ಬಿಯನ್ನು ಕಿಟಕಿಯ ಗಾಜಿಗೆ ಅಂಟಿಸಬೇಕು, ಇಲ್ಲವೇ ಒಂದು ಮೀಟರಿನೊಳಗೆ ಇಡಬೇಕು. ಹತ್ತಿರವಿದ್ದರೆ ಅಪಾಯ ಹೆಚ್ಚಲ್ಲವೇ ಎಂದು ಅನಿಸಬಹುದು. ಹಾಗಲ್ಲ. ಅಷ್ಟು ಹತ್ತಿರದಿಂದ ಹಾರಿ ಎದ್ದ ಹಕ್ಕಿಗೆ ರಭಸ ಬಂದಿರುವುದಿಲ್ಲ, ಗಾಜಿಗೆ ತಗಲಿದರೂ ಪ್ರಾಣ ಹೋಗುವುದಿಲ್ಲ. ನಾಲ್ಕೈದು ಮೀಟರ್ ದೂರದಲ್ಲಿ ಇಟ್ಟದ್ದೇ ಅಪಾಯಕಾರಿ. ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಿದರೆ ಹಕ್ಕಿಗೆ ಅಲ್ಲಿ ಗೋಡೆಯಿದೆಯೆಂದು ತಿಳಿಯುತ್ತದೆ. ಗಿಡುಗದ ಒಂದೇ ಒಂದು ಚಿತ್ರ ಅಂಟಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಅದರ ಪಕ್ಕದಲ್ಲೇ ದಾರಿಯಿದೆ ಎಂದು ಹಕ್ಕಿ ನುಗ್ಗುತ್ತದೆ.

ಕರೆದ ಮೇಲಿನ ಹೊಣೆ

ಹಾಗಾದರೆ ಉಣಿಸುವುದನ್ನೇ ಬಿಡಬೇಕೇ? ತಿಳಿದವರು ಹೇಳುವುದು ಹಾಗಲ್ಲ. ಉಣಿಸುವುದಾದರೆ ಹೊಣೆ ಹೊತ್ತು ಉಣಿಸಿ ಎನ್ನುತ್ತಾರೆ. ಆ ಹೊಣೆ ಏನು ಎಂಬುದನ್ನು ನಮ್ಮ ಅಡುಗೆ ಮನೆಯ ಭಾಷೆಯಲ್ಲೇ ಹೇಳಬಹುದು.

ಡಬ್ಬಿಯನ್ನು ಕನಿಷ್ಠ ಎರಡು ವಾರಕ್ಕೊಮ್ಮೆ ಬಿಚ್ಚಿ ಸೋಪು ಮತ್ತು ಬಿಸಿ ನೀರಿನಿಂದ ಉಜ್ಜಿ ತೊಳೆಯಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿದ ದ್ರಾವಣದಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಕಾಳು ತುಂಬಬೇಕು. ಪಾತ್ರೆ ತೊಳೆಯುವ ಸಿಂಕಿನಲ್ಲಿ ಇದನ್ನು ತೊಳೆಯಬಾರದು. ಕೆಳಗೆ ಬಿದ್ದ ಸಿಪ್ಪೆ, ಹಿಕ್ಕೆಗಳನ್ನು ಗುಡಿಸಬೇಕು. ಒದ್ದೆಯಾಗಿ ಬೂಷ್ಟು ಹಿಡಿದ ಕಾಳನ್ನು ಎಸೆಯಬೇಕು. ಉಪ್ಪು ಹಾಕಿದ ತಿಂಡಿ, ಉಳಿದ ಬ್ರೆಡ್ಡು ಹಕ್ಕಿಗೆ ಊಟವಲ್ಲ. ರೋಗ ಬಂದ ಒಂದು ಹಕ್ಕಿ ಕಂಡರೂ ಡಬ್ಬಿಯನ್ನು ಇಳಿಸಿ, ತೊಳೆದು, ಕೆಲವು ವಾರ ಒಳಗಿಡಬೇಕು. ಆಗ ಹಕ್ಕಿಗಳು ಚದುರಿ ಹೋಗುತ್ತವೆ, ರೋಗದ ಸರಪಳಿ ಕಡಿಯುತ್ತದೆ. ಬೆಕ್ಕು ಸಾಕಿದ್ದರೆ ಅದನ್ನು ಮನೆಯೊಳಗೇ ಇರಿಸಿಕೊಳ್ಳಬೇಕು.

ಕೊನೆಯದಕ್ಕಿಂತ ಮುಂಚಿನ ಆ ನಿಯಮವೇ ಪಾಲಿಸಲು ಅತಿ ಕಷ್ಟ. ಹೊರಗೆ ಹಿಮ ಸುರಿಯುತ್ತಿರುವಾಗ, ಹಕ್ಕಿಗಳು ಖಾಲಿ ಕೊಂಬೆಗೆ ಬಂದು ಇಣುಕಿ ಹೋಗುತ್ತಿರುವಾಗ, ಡಬ್ಬಿಯನ್ನು ಒಳಗಿಡಲು ಮನಸ್ಸು ಒಪ್ಪುವುದಿಲ್ಲ. "ಪಾಪ, ಹಸಿದಿರಬಹುದು" ಎನಿಸುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ. ಆದರೆ ಆಗ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾವು ಉಣಿಸುವುದು ಹಕ್ಕಿಯ ಹಸಿವಿಗಾಗಿಯೋ, ನೋಡಿ ಸಂತೋಷಪಡುವ ನಮ್ಮ ಆಸೆಗಾಗಿಯೋ? ಚಿಕಡೀ ತಾನೇ ಹುಡುಕಿ ತಿನ್ನಬಲ್ಲದು ಎಂದು ವಿಸ್ಕಾನ್ಸಿನ್ನಿನ ಪರೀಕ್ಷೆ ತೋರಿಸಿದೆ. ತಡೆಯಲಾರದವರು ನಾವೇ. ಕೊಡುವ ಕೈಯನ್ನು ಸಕಾಲದಲ್ಲಿ ಹಿಂದೆಗೆಯುವುದೂ ಕರುಣೆಯ ಒಂದು ಭಾಗ.

ಈ ಹೊಣೆ ಇಂದು ಇನ್ನಷ್ಟು ದೊಡ್ಡದಾಗಿದೆ. 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಒಟ್ಟು ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಿಟಕಿಯ ಕೆಳಗೆ ನೆಲದಲ್ಲಿ ಕಾಳು ಹೆಕ್ಕುವ ಆ ಸಾಧಾರಣ ಜುಂಕೋ ಹಕ್ಕಿಯೇ 16 ಕೋಟಿಗೂ ಹೆಚ್ಚು ಕಡಿಮೆಯಾಗಿದೆ. ದಿನಾ ಕಾಣುತ್ತೇವೆ, ಆದ್ದರಿಂದ ಬೇಕಾದಷ್ಟಿವೆ ಎಂದು ನಾವು ತಿಳಿಯುತ್ತೇವೆ. ಎಣಿಸಿದವರಿಗೆ ಮಾತ್ರ ಸತ್ಯ ಗೊತ್ತಾಗುತ್ತದೆ.

ನಾವೇನು ಕಲಿಯಬಹುದು?

ನಮ್ಮ ಊರಿನ ಚಳಿಗಾಲ ಹಕ್ಕಿಯನ್ನು ಹಸಿವಿನಿಂದ ಕೊಲ್ಲುವಂಥದ್ದಲ್ಲ. ಆ ತಿಂಗಳುಗಳಲ್ಲಿ ಉತ್ತರದ ಚಳಿ ದೇಶಗಳಿಂದ ಹಕ್ಕಿಗಳು ನಮ್ಮಲ್ಲಿಗೇ ಆಶ್ರಯ ಅರಸಿ ಬರುತ್ತವೆ. ಆದ್ದರಿಂದ ಅಲ್ಲಿಯವರನ್ನು ನೋಡಿ ನಾವೂ ಕಾಳಿನ ಡಬ್ಬಿ ತೂಗು ಹಾಕಬೇಕಾಗಿಲ್ಲ. ನಮ್ಮಲ್ಲಿ ಕಷ್ಟ ಬರುವುದು ಮಾರ್ಚ್, ಎಪ್ರಿಲ್ ತಿಂಗಳ ಬಿಸಿಲಿಗೆ. ಆಗ ನೆರಳಿನಲ್ಲಿ ಒಂದು ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟರೆ ಅದೇ ದೊಡ್ಡ ಉಪಕಾರ. ಅಲ್ಲೂ ಅದೇ ನಿಯಮ: ನೀರನ್ನು ದಿನಾ ಚೆಲ್ಲಿ, ಪಾತ್ರೆ ಉಜ್ಜಿ, ಹೊಸ ನೀರು ತುಂಬಿಸಬೇಕು. ಇಲ್ಲದಿದ್ದರೆ ಹಕ್ಕಿಗೆ ರೋಗ, ನಮಗೆ ಸೊಳ್ಳೆ.

ಎಣಿಸುವ ಕೆಲಸವನ್ನಂತೂ ನಾವೂ ಮಾಡಬಹುದು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಎಂಬ ಹಿತ್ತಿಲ ಹಕ್ಕಿಗಳ ಎಣಿಕೆಯು 2013ರಿಂದ ಭಾರತದಲ್ಲೂ ನಡೆಯುತ್ತಿದೆ. ಫೆಬ್ರವರಿಯ ನಾಲ್ಕು ದಿನಗಳಲ್ಲಿ ಕನಿಷ್ಠ ಹದಿನೈದು ನಿಮಿಷ ಒಂದೆಡೆ ಕೂತು, ಕಂಡ ಹಕ್ಕಿಗಳನ್ನು ಎಣಿಸಿ ತಿಳಿಸಿದರಾಯಿತು. ಇದಕ್ಕೆ ಖರ್ಚಿಲ್ಲ, ದೂರ ಹೋಗಬೇಕಾಗಿಲ್ಲ. ಮನೆಯ ಮಾಳಿಗೆಯೋ, ಅಡುಗೆ ಮನೆಯ ಹಿಂಬಾಗಿಲೋ ಸಾಕು. ಮಡಿವಾಳ ಹಕ್ಕಿ, ಕೆಂಬೂತ, ಪಿಕಳಾರ, ಸೂರಕ್ಕಿಗಳನ್ನು ಹೆಸರು ಹಿಡಿದು ಗುರುತಿಸುವ ಮಗು ಅವುಗಳಿಗೆ ಕಲ್ಲು ಹೊಡೆಯುವುದು ಕಡಿಮೆ. ಹೆಸರು ಗೊತ್ತಿದ್ದವರನ್ನು ನೋಯಿಸಲು ನಮಗೆ ಮನಸ್ಸಾಗುವುದಿಲ್ಲ ತಾನೇ?

ಪ್ರಿಯ ಓದುಗರೇ, ದಯೆ ಎಂಬುದು ಒಳ್ಳೆಯ ಗುಣ. ಆದರೆ ಕಣ್ಣು ಮುಚ್ಚಿಕೊಂಡು ತೋರಿದ ದಯೆಯಿಂದ ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಊದಿದ ಕಣ್ಣಿನ ಆ ಹಕ್ಕಿಯನ್ನು ಮೊದಲು ಕಂಡವರು ಕಾಳು ಹಾಕಿ ಒಳಗೆ ಹೋಗಿಬಿಡಲಿಲ್ಲ. ನಿಂತು ನೋಡಿದರು, ಏನೋ ಸರಿಯಿಲ್ಲ ಎಂದು ಗಮನಿಸಿದರು, ಬರೆದಿಟ್ಟರು, ತಿಳಿದವರಿಗೆ ತಿಳಿಸಿದರು. ರೋಗ ಯಾವ ದಾರಿಯಲ್ಲಿ ಹೋಗುತ್ತಿದೆಯೆಂದು ಗೊತ್ತಾದದ್ದು ಅದರಿಂದ. ಫೀಡರ್ ತೊಳೆಯಬೇಕೆಂಬ ಮಾತು ಮನೆಮನೆಗೆ ತಲುಪಿದ್ದು ಅದರಿಂದ. ನಮ್ಮ ಬಾಗಿಲಿಗೆ ಬಂದ ಯಾರಿಗೇ ಆಗಲಿ, ಕೊಟ್ಟು ಕಳುಹಿಸುವ ಮೊದಲು ಒಂದು ಕ್ಷಣ ಅವರ ಮುಖ ನೋಡೋಣ.